ಮೊದಲ ತಿಂಗಳ ಪೇ ಸ್ಲಿಪ್: ನಿಮ್ಮ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಡಿಪ್ಲೊಮಾ ಮುಗಿಸಿ ಹಾಸನದ ಕೈಗಾರಿಕಾ ಪ್ರದೇಶದ ಗಾರ್ಮೆಂಟ್ಸ್ ಒಂದರಲ್ಲಿ ಕ್ವಾಲಿಟಿ ವಿಭಾಗಕ್ಕೆ ಸೇರಿದ್ದೇನೆ. ಆಫರ್ ಲೆಟರ್‌ನಲ್ಲಿ ಸಿಟಿಸಿ (ನನಗಾಗಿ ಕಂಪನಿ ಮಾಡುವ ಒಟ್ಟು ಖರ್ಚು) ತಿಂಗಳಿಗೆ 19,749 ರೂ. ಖಾತೆಗೆ ಬಿದ್ದಿದ್ದು 15,688. ಪೇ ಸ್ಲಿಪ್ ಕಳಿಸಿದ್ದೇನೆ. ಮಿಕ್ಕ ನಾಲ್ಕು ಸಾವಿರ ಎಲ್ಲಿ ಹೋಯಿತು?
– ಓದುಗರೊಬ್ಬರು, ಅರಸೀಕೆರೆ

ಉತ್ತರ: ಲೆಕ್ಕ ಸರಿಯಾಗಿದೆ, ಸೇರುವಾಗಲೇ ಬಿಡಿಸಿ ಹೇಳಬೇಕಿತ್ತು ಅಷ್ಟೆ. ನಿಮ್ಮ ಸ್ಲಿಪ್ಪಿನಲ್ಲಿ ಬೇಸಿಕ್ (ಮೂಲ ವೇತನ), ಡಿಎ (ತುಟ್ಟಿಭತ್ಯೆ) ಸೇರಿ 14,000, ಎಚ್‌ಆರ್‌ಎ (ಮನೆ ಬಾಡಿಗೆ ಭತ್ಯೆ) ಇತ್ಯಾದಿ 3,500; ಒಟ್ಟು 17,500. ಸಿಟಿಸಿಯಲ್ಲಿ ಇದರ ಮೇಲೆ ಕಾಣುವ 2,249 ರೂ. ಕಂಪನಿ ತನ್ನ ಪಾಲಾಗಿ ಕಟ್ಟುವ ಹಣ: ಪಿಎಫ್ (ಭವಿಷ್ಯ ನಿಧಿ) 14,000ಕ್ಕೆ ಶೇ 12ರಂತೆ 1,680, ಇಎಸ್‌ಐ (ನೌಕರರ ಆರೋಗ್ಯ ವಿಮೆ) 17,500ಕ್ಕೆ ಶೇ 3.25ರಂತೆ 569. ನಿಮ್ಮಿಂದ ಹಿಡಿದದ್ದು ಪಿಎಫ್ 1,680, ಇಎಸ್‌ಐ ಶೇ 0.75ರಂತೆ 132. ಸಂಬಳ 25,000 ಮುಟ್ಟಿಲ್ಲವಾದ್ದರಿಂದ ವೃತ್ತಿ ತೆರಿಗೆ ಇಲ್ಲ.

ಈಗ ಮುಖ್ಯವಾದದ್ದು. ಸ್ಲಿಪ್ಪಿನಲ್ಲಿ ಹಿಡಿದ ಮಾತ್ರಕ್ಕೆ ಕಟ್ಟಿದ್ದಾರೆ ಎಂದಲ್ಲ. ಮುಂದಿನ ತಿಂಗಳ 15ರೊಳಗೆ ಕಂಪನಿ ಹಣ ಕಟ್ಟಬೇಕು. ಆ ತಿಂಗಳ ಕೊನೆಗೆ ನಿಮ್ಮ 12 ಅಂಕಿಯ ಯುಎಎನ್ (ಪಿಎಫ್ ಸದಸ್ಯರ ಸಂಖ್ಯೆ) ಹಾಕಿ ಪಿಎಫ್ ಪಾಸ್‌ಬುಕ್ ತೆರೆದು ನೋಡಿ. ಅಲ್ಲಿ ಕಂಪನಿ ಪಾಲು ಬರೀ 514 ಎಂದಿದ್ದರೆ ಮೋಸ ಎಂದು ಗಾಬರಿ ಬೀಳಬೇಡಿ, ಶೇ 8.33, ಅಂದರೆ 1,166 ರೂ., ಪಕ್ಕದ ಪಿಂಚಣಿ ಕಾಲಂಗೆ ಹೋಗಿರುತ್ತದೆ. ಏನೂ ಬಿದ್ದಿಲ್ಲವಾದರೆ ಸ್ಲಿಪ್ ಹಿಡಿದು ಎಚ್‌ಆರ್ ಬಳಿ ಕೇಳಿ. ಅಲ್ಲಿ ಬಗೆಹರಿಯದಿದ್ದರೆ ಚಿಕ್ಕಮಗಳೂರಿನಲ್ಲಿ ಪಿಎಫ್ ಪ್ರಾದೇಶಿಕ ಕಚೇರಿಯೇ ಇದೆ.

ಇಎಸ್‌ಐನ 132 ರೂಪಾಯಿಗೆ ಬೇಜಾರು ಬೇಡ. ಅವಲಂಬಿತ ಅಪ್ಪ ಅಮ್ಮನಿಗೂ ಚಿಕಿತ್ಸೆ ಸಿಗುತ್ತದೆ, ಆದರೆ ಅವರ ವಿವರ ಸೇರಿಸಿದ್ದರೆ ಮಾತ್ರ. ಎಷ್ಟೋ ಮಂದಿ ಅದನ್ನು ಆಸ್ಪತ್ರೆ ಬಾಗಿಲಲ್ಲಿ ನಿಂತಾಗ ನೆನಪಿಸಿಕೊಳ್ಳುತ್ತಾರೆ.

ಪ್ರಶ್ನೆ: ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ‘ಮಂಜುನಾಥ ಕೆ.ಆರ್.’, ಆಧಾರ್‌ನಲ್ಲಿ ಬರೀ ‘ಮಂಜುನಾಥ್’. ಕೆಲಸಕ್ಕೆ ತೊಂದರೆಯೇ?
– ಓದುಗರೊಬ್ಬರು, ಕಡೂರು

ಉತ್ತರ: ಕೆಲಸ ಸಿಗುತ್ತದೆ, ಪಿಎಫ್ ಕೆವೈಸಿ (ಗುರುತಿನ ದಾಖಲೆಗಳ ತಾಳೆ) ಸಿಕ್ಕಿಕೊಳ್ಳುತ್ತದೆ. ನಮ್ಮ ಕಡೆ ಊರೂ ಅಪ್ಪನ ಹೆಸರೂ ಇನಿಷಿಯಲ್ಲಿನಲ್ಲೇ ಕೂತಿರುತ್ತವೆ. ಇಂಗ್ಲಿಷ್ ಸ್ಪೆಲ್ಲಿಂಗಿನಲ್ಲಿ ಕೊನೆಯ ‘ಎ’ ಬಿಟ್ಟುಹೋದರೂ ಕಂಪ್ಯೂಟರಿಗೆ ನೀವು ಬೇರೆ ಮನುಷ್ಯ. ಅಂಕಪಟ್ಟಿಯನ್ನೇ ಮೂಲವಾಗಿಟ್ಟುಕೊಂಡು ಮೊದಲು ಆಧಾರ್, ಆಮೇಲೆ ಪ್ಯಾನ್, ಬ್ಯಾಂಕ್ ಖಾತೆ ಸರಿಪಡಿಸಿ, ಯುಎಎನ್ ಕೊನೆಗೆ. ಆಧಾರ್‌ನಲ್ಲಿ ಹೆಸರು ಬದಲಿಸಲು ಜೀವಮಾನದಲ್ಲಿ ಎರಡೇ ಅವಕಾಶ. ಆದ್ದರಿಂದ ಆಪರೇಟರ್ ಟೈಪ್ ಮಾಡಿದ್ದನ್ನು ಅಕ್ಷರ ಅಕ್ಷರವಾಗಿ ಓದದೆ ಸಹಿ ಹಾಕಬೇಡಿ.

ಪ್ರಶ್ನೆ: ಮುಳ್ಳಯ್ಯನಗಿರಿ ಕಡೆಯ ರೆಸಾರ್ಟ್‌ನಲ್ಲಿ ಕೆಲಸ. 40 ಜನರಿದ್ದೇವೆ, ನನ್ನ ಬೇಸಿಕ್ 13,000. ‘ಪಿಎಫ್ ಬೇಡ ಅಂತ ಬರೆದುಕೊಡು, ಕೈಗೆ ಜಾಸ್ತಿ ಬರುತ್ತೆ’ ಅನ್ನುತ್ತಾರೆ.
– ಓದುಗರೊಬ್ಬರು, ಚಿಕ್ಕಮಗಳೂರು

ಉತ್ತರ: ಬರೆದುಕೊಡಬೇಡಿ. 20 ಅಥವಾ ಹೆಚ್ಚು ಜನರಿರುವ ಕಡೆ, ಬೇಸಿಕ್ ಮತ್ತು ಡಿಎ 15,000 ದಾಟದವರಿಗೆ ಪಿಎಫ್ ಕಡ್ಡಾಯ. ಆ ಕಾಗದಕ್ಕೆ ಬೆಲೆಯಿಲ್ಲ. ನಿಮ್ಮ ಕೈಗೆ ಜಾಸ್ತಿ ಬರುವುದು ನಿಮ್ಮದೇ 1,560 ರೂ. ಅವರು ಕಟ್ಟಬೇಕಿದ್ದ ಇನ್ನೊಂದು 1,560 ಅವರಲ್ಲೇ ಉಳಿಯುತ್ತದೆ. ಫಾರಂ 11 (ಕೆಲಸಕ್ಕೆ ಸೇರಿದವರು ಕೊಡುವ ಪಿಎಫ್ ಘೋಷಣೆ) ತುಂಬಿ ಕೊಟ್ಟು, ಅದರ ಒಂದು ಜೆರಾಕ್ಸ್ ಇಟ್ಟುಕೊಳ್ಳಿ.