ದುಡ್ಡು ಕೊಟ್ಟು ತರೋದಾ, ಆಟಗಾರನ್ನ ಕೊಟ್ಟು ತರೋದಾ?

ಪ್ರಶ್ನೆ: ಟೊರಾಂಟೊಗೆ ಬಂದು ಆರು ವರ್ಷವಾಯಿತು. ಮಗನ ಜೊತೆ ಕೂತು ಐಸ್ ಹಾಕಿ ನೋಡಿ ನೋಡಿ ನನಗೂ ಹುಚ್ಚು ಹಿಡಿದಿದೆ. ಪ್ರತಿ ಜುಲೈ 1ಕ್ಕೆ ಫ್ರೀ ಏಜೆಂಟ್ (ಒಪ್ಪಂದ ಮುಗಿದು ಬೇರೆ ತಂಡಕ್ಕೆ ಹೋಗಬಲ್ಲ ಆಟಗಾರ) ಬಾಗಿಲು ತೆರೆದಾಗ ಮನೆಯಲ್ಲಿ ಜಗಳ. ಬರೀ ದುಡ್ಡಿಗೆ ದೊಡ್ಡ ಆಟಗಾರ ಸಿಗುವಾಗ ಕೈಯಲ್ಲಿರೋರನ್ನು ಯಾಕೆ ಟ್ರೇಡ್ (ಅದಲುಬದಲು) ಮಾಡಬೇಕು ಅನ್ನುತ್ತೇನೆ ನಾನು. ಮಗ ಒಪ್ಪಲ್ಲ. ಯಾರು ಸರಿ?

ಉತ್ತರ: ಬೇಜಾರು ಮಾಡ್ಕೋಬೇಡಿ, ನಿಮ್ಮ ಮಗ ಮುಕ್ಕಾಲು ಪಾಲು ಸರಿ.

ನೀವು ನೋಡುವ ಐಸ್ ಹಾಕಿ ಲೀಗ್ ಎನ್‌ಎಚ್‌ಎಲ್‌ನಲ್ಲಿ ತಂಡದ ಸಂಬಳಕ್ಕೆ ಮಿತಿ ಇದೆ, ಐಪಿಎಲ್ ಹರಾಜಿನ ಪರ್ಸ್ ಇದ್ದ ಹಾಗೆ. ಒಬ್ಬನಿಗೆ ಜಾಸ್ತಿ ಕೊಟ್ಟರೆ ಇನ್ನಿಬ್ಬರಿಗೆ ಜಾಗ ಇಲ್ಲ. ಇನ್ನೊಂದು ಮಾತು, ಯಾವ ಕಟ್ಟೂ ಇಲ್ಲದೆ ಬೇರೆ ತಂಡಕ್ಕೆ ಹೋಗುವ ಹಕ್ಕು ಸಿಗುವುದೇ ಹೆಚ್ಚಾಗಿ 27ರ ಆಸುಪಾಸಿನಲ್ಲಿ. ಏರುವ ವಯಸ್ಸಿನ ಆಟ ನೋಡಿ ಬೆಲೆ ಕಟ್ಟುತ್ತೀರಿ, ಮನೆಗೆ ಬರೋದು ಇಳಿಯುವ ವಯಸ್ಸು.

ನಿಮ್ಮೂರಿನ ಜಾನ್ ಟವಾರೆಸ್ ಕಥೆಯೇ ಇದೆಯಲ್ಲ. 2018ರ ಜುಲೈ 1ರಂದು 7 ವರ್ಷಕ್ಕೆ 7.7 ಕೋಟಿ ಡಾಲರ್‌ಗೆ ಫ್ರೀ ಏಜೆಂಟ್ ಆಗಿ ಟೊರಾಂಟೊ ತಂಡ ಲೀಫ್ಸ್ ಸೇರಿದರು. ಚಿಕ್ಕವನಿದ್ದಾಗ ಲೀಫ್ಸ್ ಚಿತ್ರವಿರುವ ಹಾಸಿಗೆಯಲ್ಲಿ ಮಲಗಿದ್ದ ಫೋಟೋ ಹಾಕಿದ್ದರು, ಊರಿಗೆ ಊರೇ ಕರಗಿಹೋಯಿತು. ಆಟವೇನೂ ಕೆಟ್ಟದ್ದಲ್ಲ. 2023ರಲ್ಲಿ ಟ್ಯಾಂಪಾ ವಿರುದ್ಧ ಓವರ್‌ಟೈಮ್ ಗೋಲು ಹೊಡೆದು, 2004ರ ನಂತರ ಮೊದಲ ಪ್ಲೇಆಫ್ ಸರಣಿ ಗೆಲ್ಲಿಸಿದ್ದು ಅವರೇ. ಆದರೆ ಆ 7 ವರ್ಷದಲ್ಲಿ ತಂಡ ಗೆದ್ದ ಸರಣಿ ಎರಡೇ ಎರಡು.

ಈಗ ಫ್ಲಾರಿಡಾ ತಂಡ ನೋಡಿ. 2022ರಲ್ಲಿ ಮ್ಯಾಥ್ಯೂ ಟ್ಕಾಚಕ್‌ಗಾಗಿ ಹ್ಯೂಬರ್ಡೊ, ವೀಗರ್, ಜೊತೆಗೊಬ್ಬ ಹುಡುಗ, ಮೊದಲ ಸುತ್ತಿನ ಡ್ರಾಫ್ಟ್ ಪಿಕ್ (ಹೊಸ ಹುಡುಗರನ್ನು ಆರಿಸಿಕೊಳ್ಳುವ ಸರದಿ) ಎಲ್ಲ ಕ್ಯಾಲ್ಗರಿ ತಂಡಕ್ಕೆ ಕೊಟ್ಟರು. ಹ್ಯೂಬರ್ಡೊ ಅಂದ್ರೆ ಸುಮ್ನೆನಾ, ಆ ಸೀಸನ್‌ನಲ್ಲಿ 115 ಪಾಯಿಂಟ್ (ಗೋಲು, ಗೋಲಿಗೆ ಕೊಟ್ಟ ನೆರವು ಸೇರಿ)! ಆದರೆ ಆತನಿಗೆ 29, ಟ್ಕಾಚಕ್‌ಗೆ 24. ಮರುವರ್ಷ ಹ್ಯೂಬರ್ಡೊ 55ಕ್ಕೆ ಇಳಿದರು, ಫ್ಲಾರಿಡಾ ಫೈನಲ್‌ಗೆ ಹೋಯಿತು, ಆಮೇಲೆ 2024, 2025 ಎರಡೂ ಸ್ಟಾನ್ಲಿ ಕಪ್ (ಲೀಗ್ ಪ್ರಶಸ್ತಿ) ಅವರದೇ. ಬೆನೆಟ್, ರೈನ್‌ಹಾರ್ಟ್ ಕೂಡ ಟ್ರೇಡ್‌ನಲ್ಲೇ ಬಂದವರು.

ಹಾಗಂತ ಫ್ರೀ ಏಜೆಂಟ್ ದಂಡ ಅಂತಲ್ಲ. ಅದೇ ತಂಡದ ಗೋಲ್‌ಕೀಪರ್ ಬೊಬ್ರೊವ್‌ಸ್ಕಿ 7 ಕೋಟಿ ಡಾಲರ್‌ಗೆ ಬಂದು ಮೊದಲು ಬೈಸಿಕೊಂಡು ಕೊನೆಗೆ ಎರಡು ಕಪ್ ಎತ್ತಿದರು. ನನಗೆ ಇಷ್ಟವಾಗೋದು ಅದೇ ತಂಡದ ವರ್ಹೇಗಿ ವ್ಯಾಪಾರ, ಫ್ರೀ ಏಜೆಂಟ್ ಆಗಿ ಬಂದಾಗ ವರ್ಷಕ್ಕೆ ಬರೀ 10 ಲಕ್ಷ ಡಾಲರ್. 2023ರಲ್ಲಿ ಬಾಸ್ಟನ್ ವಿರುದ್ಧ 7ನೇ ಪಂದ್ಯದ ಓವರ್‌ಟೈಮ್‌ನಲ್ಲಿ ಗೆಲುವಿನ ಗೋಲು ಹೊಡೆದದ್ದು ಈತನೇ. ಸಣ್ಣ ತೂತು ಮುಚ್ಚೋಕೆ ಫ್ರೀ ಏಜೆಂಟ್, ಕಂಬ ನಿಲ್ಲಿಸೋಕೆ ಟ್ರೇಡ್, ನನ್ನ ಲೆಕ್ಕ ಇಷ್ಟೇ.

ಇನ್ನು ನಿಮ್ಮ ಕಾಲು ಪಾಲು. ಟ್ರೇಡ್ ಮಾಡೋಕೆ ಕೈಯಲ್ಲಿ ಏನಾದರೂ ಇರಬೇಕು ಅಲ್ವಾ? ಲೀಫ್ಸ್ 2025ರ ಮಾರ್ಚ್‌ನಲ್ಲಿ ಕಾರ್ಲೊ, ಲಾಟನ್ ಇಬ್ಬರನ್ನು ತರಲು 2026 ಮತ್ತು 2027ರ ಮೊದಲ ಸುತ್ತಿನ ಪಿಕ್ ಎರಡನ್ನೂ, ಅದರ ಮೇಲೆ ಇಬ್ಬರು ಹುಡುಗರನ್ನೂ ಕೊಟ್ಟರು. ಬಂದ ಇಬ್ಬರೂ ಟವಾರೆಸ್ ಥರದ ತಾರೆಯರಲ್ಲ. ಮಗ ಜಾಸ್ತಿ ಮಾತಾಡಿದರೆ ಆ ಎರಡು ಪಿಕ್ ನೆನಪಿಸಿ.