ಕುಶಾಲನಗರ ದಾಟಿದ ಮೇಲೆ ಗಾಡಿ ಎಳೆಯುವುದಿಲ್ಲ!

ಪ್ರಶ್ನೆ: ನನ್ನದು 150 ಸಿಸಿ ಬೈಕು, 2012ರ ಮಾಡೆಲ್. ಮಡಿಕೇರಿ ಸುತ್ತಮುತ್ತ ಓಡಾಡಿದರೆ ಏನೂ ತೊಂದರೆ ಇಲ್ಲ. ಮೈಸೂರಿಗೆ ಹೊರಟರೆ ಮಾತ್ರ ಕಾಟ. ಕುಶಾಲನಗರ ದಾಟಿ 80ರಲ್ಲಿ ಹತ್ತು ನಿಮಿಷ ಹೋಗುವಷ್ಟರಲ್ಲಿ ಯಾರೋ ಹಿಂದಿನಿಂದ ಹಿಡಿದು ಜಗ್ಗಿದ ಹಾಗಾಗುತ್ತದೆ. ಎಕ್ಸಲೇಟರ್ ಪೂರ್ತಿ ತಿರುಗಿಸಿದರೂ 50ಕ್ಕೆ ಇಳಿಯುತ್ತದೆ. ನಿಲ್ಲಿಸಿ ಒಂದು ಟೀ ಕುಡಿದು ಬಂದರೆ ಮತ್ತೆ ಸರಿ. ಟ್ಯಾಂಕ್ ಫುಲ್ ಮಾಡಿಸಿದ ದಿನವೇ ಜಾಸ್ತಿ. ಪ್ಲಗ್, ಏರ್ ಫಿಲ್ಟರ್ ಹೊಸದು ಹಾಕಿಸಿದೆ. ಕಾರ್ಬ್ಯುರೇಟರ್ ಎರಡು ಸಲ ಕ್ಲೀನ್ ಆಯಿತು. ಹೋದ ಮಳೆಗಾಲದಲ್ಲಿ ಟ್ಯಾಂಕಿಗೆ ನೀರು ಇಳಿದಿತ್ತು, ಮುಚ್ಚಳದ ಅಡಿಗೆ ರಬ್ಬರ್ ಷೀಟ್ ಕತ್ತರಿಸಿ ಹಾಕಿದ ಮೇಲೆ ಅದು ನಿಂತಿದೆ. ಇಂಜಿನ್ ಬಿಚ್ಚಿಸಬೇಕಾ?
– ಓದುಗರೊಬ್ಬರು, ಮಡಿಕೇರಿ

ಉತ್ತರ: ಇಂಜಿನ್ ಮುಟ್ಟಬೇಡಿ. ನನಗೆ ಅನುಮಾನ ಇರುವುದು ನಿಮ್ಮ ರಬ್ಬರ್ ಷೀಟಿನ ಮೇಲೆ.

ಟ್ಯಾಂಕಿನಿಂದ ಪೆಟ್ರೋಲ್ ಕೆಳಗೆ ಇಳಿಯಬೇಕಾದರೆ ಮೇಲಿನಿಂದ ಅಷ್ಟೇ ಗಾಳಿ ಒಳಗೆ ಹೋಗಬೇಕು. ಅದಕ್ಕೆ ಅಂತಲೇ ಮುಚ್ಚಳದಲ್ಲಿ ಒಂದು ಸೂಜಿ ತೂತು ಇರುತ್ತದೆ. ನೀವು ನೀರಿಗೆ ಅಂತ ಹಾಕಿದ ಷೀಟು ಗಾಳಿಯನ್ನೂ ತಡೆದಿದೆ. ಪೂರ್ತಿ ತಡೆದಿದ್ದರೆ ಗಾಡಿ ಮಡಿಕೇರಿಯಲ್ಲೇ ನಿಲ್ಲುತ್ತಿತ್ತು. ಅಂಚಿನಲ್ಲಿ ಎಲ್ಲೋ ಸ್ವಲ್ಪ ಗಾಳಿ ನುಸುಳುತ್ತಿದೆ.

ನಮ್ಮ ಕೊಡಗಿನ ತಿರುವುಗಳಲ್ಲಿ 40ರ ಮೇಲೆ ಹೋಗುವುದೇ ಅಪರೂಪ, ಅಲ್ವಾ? ಮಡಿಕೇರಿಯಿಂದ ಸುಂಟಿಕೊಪ್ಪ, ಕುಶಾಲನಗರದವರೆಗೆ ಹೆಚ್ಚು ಕಡಿಮೆ ಇಳಿಜಾರೇ. ಪೆಟ್ರೋಲ್ ಖರ್ಚು ಕಮ್ಮಿ, ನುಸುಳುವ ಗಾಳಿಯೇ ಸಾಕಾಗುತ್ತದೆ. ಕಾವೇರಿ ಸೇತುವೆ ದಾಟಿ ಬೈಲಕುಪ್ಪೆ ಕಡೆಯ ನೇರ ರಸ್ತೆ ಸಿಕ್ಕಿದ ಕೂಡಲೇ ಕೈ ತಾನಾಗಿ ತಿರುಗುತ್ತದೆ. 80ರ ವೇಗದಲ್ಲಿ ಲೀಟರಿಗೆ 45 ಕಿಲೋಮೀಟರ್ ಕೊಡುತ್ತದೆ ಅಂತ ಇಟ್ಟುಕೊಂಡರೂ ನಿಮಿಷಕ್ಕೆ ಸುಮಾರು 30 ಎಂಎಲ್ ಬೇಕು. ನಮ್ಮ ಕಡೆಯವರಿಗೆ ಚೆನ್ನಾಗಿ ಗೊತ್ತಿರುವ ಲೆಕ್ಕದಲ್ಲಿ ನಿಮಿಷಕ್ಕೊಂದು ಸಣ್ಣ ಪೆಗ್! ಅಷ್ಟು ಇಳಿಯಲು ಬೇಕಾದ ಗಾಳಿ ಒಳಗೆ ಹೋಗುತ್ತಿಲ್ಲ. ಟ್ಯಾಂಕಿನೊಳಗೆ ಎಳೆತ ಹುಟ್ಟಿ ಪೆಟ್ರೋಲನ್ನು ಮೇಲೆಯೇ ಹಿಡಿದಿಡುತ್ತದೆ. ಪೆಟ್ರೋಲಿಗೆ ಗಾಳಿ ಬೆರೆಸಿ ಇಂಜಿನ್‌ಗೆ ಕೊಡುವ ಕಾರ್ಬ್ಯುರೇಟರಿನ ಬಟ್ಟಲು ಬರಿದಾಗುತ್ತದೆ. ನೀವು ಟೀ ಕುಡಿಯುವಾಗ ಗಾಳಿ ನಿಧಾನವಾಗಿ ಒಳಗೆ ಸೇರಿ ಬಟ್ಟಲು ತುಂಬಿಕೊಳ್ಳುತ್ತದೆ. ಟ್ಯಾಂಕ್ ಫುಲ್ ಇದ್ದಾಗ ಪೆಟ್ರೋಲಿನ ಮೇಲೆ ಗಾಳಿಗೆ ಜಾಗ ಕಮ್ಮಿ, ಎಳೆತ ಬೇಗ ಹುಟ್ಟುತ್ತದೆ. ನೀವು ಬರೆದ ಎಲ್ಲ ಲಕ್ಷಣವೂ ಇದಕ್ಕೇ ಕೂಡುತ್ತದೆ.

ನಾನೂ ಇದರಲ್ಲಿ ಒಮ್ಮೆ ಮರ್ಯಾದೆ ಕಳೆದುಕೊಂಡವನೇ. ಭಾಗಮಂಡಲ ಕಡೆಯ ಒಬ್ಬರು ಇದೇ ದೂರು ತಂದಿದ್ದರು. ನಾನು ಓಡಿಸಿದರೆ ಗಾಡಿ ಬಾಣ, ಅವರು ಓಡಿಸಿದರೆ ಎತ್ತಿನ ಗಾಡಿ. ಕಾರ್ಬ್ಯುರೇಟರ್ ಬಿಚ್ಚಿದೆ, ಕಾಯಿಲ್ ಬದಲಾಯಿಸಿದೆ, ದುಡ್ಡೂ ತಗೊಂಡೆ. ಮೂರನೇ ಸಲ ಬಂದಾಗ ನಮ್ಮ ಗ್ಯಾರೇಜಿನ ಹುಡುಗ ಪೆಟ್ರೋಲ್ ಹಾಕಲು ಮುಚ್ಚಳದ ಮೇಲಿನ ಟೇಪ್ ಕೀಳುವುದು ಕಣ್ಣಿಗೆ ಬಿತ್ತು. ಮಳೆಗೆ ಅಂತ ಅವರು ಮುಚ್ಚಳದ ಮೇಲೆ ಪ್ಲಾಸ್ಟಿಕ್ ಇಟ್ಟು ಸುತ್ತ ಟೇಪ್ ಹಚ್ಚುತ್ತಿದ್ದರು. ನಾವು ಕಿತ್ತು ಓಡಿಸುತ್ತಿದ್ದೆವು, ಅವರು ಮನೆಗೆ ಹೋಗಿ ಮತ್ತೆ ಹಚ್ಚುತ್ತಿದ್ದರು. ಕಾಯಿಲಿನ ದುಡ್ಡು ವಾಪಸ್ ಕೊಟ್ಟೆ.

ಪರೀಕ್ಷೆ ಸುಲಭ. ಮುಂದಿನ ಸಲ ಜಗ್ಗಿದ ಕೂಡಲೇ ಪಕ್ಕಕ್ಕೆ ನಿಲ್ಲಿಸಿ, ಇಂಜಿನ್ ಆಫ್ ಮಾಡಿ, ಮುಚ್ಚಳ ತೆಗೆಯಿರಿ. ಹತ್ತಿರ ಬೀಡಿ ಸೇದುವವರು ಇರಬಾರದು. ಉಸ್ಸ್ ಅಂತ ಗಾಳಿ ಒಳಗೆ ಎಳೆದುಕೊಂಡರೆ ಕಳ್ಳ ಸಿಕ್ಕಿದ ಹಾಗೆ. ಬಿಸಿಲಲ್ಲಿ ನಿಂತ ಗಾಡಿಯೂ ಉಸ್ಸ್ ಅನ್ನುತ್ತದೆ, ಆದರೆ ಅದು ಆವಿ ಹೊರಗೆ ಬರುವ ಸದ್ದು. ಗೊಂದಲವಾದರೆ ಮುಚ್ಚಳ ಹಾಕಿ, ಒಂದೆರಡು ನಿಮಿಷ ಬಿಟ್ಟು ಹೊರಡಿ. ಟೀ ಕುಡಿಯದೆಯೇ ಗಾಡಿ ಎಳೆದರೆ ಇನ್ನು ಅನುಮಾನ ಬೇಡ. ಮುಚ್ಚಳ ತೆರೆದಿಟ್ಟು ಮಾತ್ರ ಓಡಿಸಬೇಡಿ.

ಷೀಟ್ ತೆಗೆದು ಕಂಪನಿ ವಾಷರ್ ಹಾಕಿಸಿ. ಸೂಜಿ ತೂತಿಗೆ ಗಾಳಿ ಹೊಡೆಸಿ. ಹಾಗಾದರೆ ಮಳೆನೀರು? ನಿಮ್ಮ ಮಾಡೆಲಿನಲ್ಲಿ ಮುಚ್ಚಳ ಟ್ಯಾಂಕಿನ ಮಟ್ಟಕ್ಕೆ ಕೂತಿದ್ದರೆ ಅದರ ಸುತ್ತಿನ ತಗ್ಗಿನಲ್ಲಿ ಇನ್ನೊಂದು ತೂತು ಇರುತ್ತದೆ. ಅಲ್ಲಿ ನಿಂತ ನೀರು ಒಂದು ಪೈಪಿನಲ್ಲಿ ನೆಲಕ್ಕೆ ಹೋಗುತ್ತದೆ. ತೋಟದ ಕೆಂಪು ಮಣ್ಣು ಅದನ್ನು ಕಟ್ಟಿಸಿದರೆ ತಗ್ಗು ಕೆರೆಯಾಗುತ್ತದೆ, ಆ ನೀರು ಟ್ಯಾಂಕಿಗೆ ಇಳಿಯುತ್ತದೆ. ನಿಮಗೆ ಆಗಿದ್ದು ಬಹುಶಃ ಇದೇ. ಆ ಪೈಪಿನ ಕೆಳತುದಿಯನ್ನು ಮಳೆಗಾಲಕ್ಕೆ ಮೊದಲು ಊದಿ ನೋಡಿ.

ಉಸ್ಸ್ ಅನ್ನದಿದ್ದರೆ ಕಾರ್ಬ್ಯುರೇಟರಿಗೆ ಬರುವ ಪೈಪ್ ಬಿಚ್ಚಿ ಬಾಟಲಿಗೆ ಪೆಟ್ರೋಲ್ ಬಿಡಿ. ಧಾರೆ ಸಣ್ಣಗಾಗುತ್ತಾ ಬಂದರೆ ಟ್ಯಾಂಕಿನ ಅಡಿಯ ನಲ್ಲಿಯ, ಅಂದರೆ ಪೆಟ್ರೋಲ್ ಕಾಕಿನ ಜಾಲರಿ ನೋಡಿ. ಹೋದ ವರ್ಷ ನೀರು ಇಳಿದ ಟ್ಯಾಂಕು, ತುಕ್ಕು ಇದ್ದೇ ಇರುತ್ತದೆ. ಇಂಜಿನ್ ಸದ್ದು ಏರಿ ವೇಗ ಮಾತ್ರ ಏರದಿದ್ದರೆ ಅದು ಕ್ಲಚ್ ಪ್ಲೇಟ್, ಬೇರೆ ಕಥೆ.

ಪ್ರಶ್ನೆ: ಕಳೆ ಕತ್ತರಿಸುವ ಮಷಿನ್‌ಗೆ ಅಂತ ಮಳೆಗಾಲದಿಂದ ಕ್ಯಾನಿನಲ್ಲಿಟ್ಟ ಪೆಟ್ರೋಲನ್ನು ಬೈಕಿಗೆ ಹಾಕಬಹುದೇ?
– ಓದುಗರೊಬ್ಬರು, ಸೋಮವಾರಪೇಟೆ

ಉತ್ತರ: ಬೇಡ. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಇರುತ್ತದೆ, ಅದು ನೀರು ಎಳೆದುಕೊಳ್ಳುತ್ತದೆ. ನೀರು ಜಾಸ್ತಿಯಾದರೆ ಎರಡೂ ಸೇರಿ ತಳಕ್ಕೆ ಇಳಿಯುತ್ತವೆ. ಗಾಜಿನ ಬಾಟಲಿಗೆ ಸ್ವಲ್ಪ ಬಗ್ಗಿಸಿ ಬೆಳಕಿಗೆ ಹಿಡಿದರೆ ಎರಡು ಪದರ ಕಾಣುತ್ತದೆ. ಆಯಿಲ್ ಬೆರೆಸಿಟ್ಟ ಪೆಟ್ರೋಲ್ ಆಗಿದ್ದರಂತೂ ಬೈಕಿನ ಹತ್ತಿರಕ್ಕೂ ತರಬೇಡಿ. ಪ್ಲಗ್ ಕಪ್ಪಾಗಿ ನನ್ನ ಹತ್ತಿರವೇ ಬರುತ್ತೀರಿ.