ಲಕ್ಷದ್ವೀಪ ಹಡಗಿನ ಟೂರ್: ಮೊದಲ್ನೇ ದಿನ ಏನೇನಿರ್ತದ?

ಮೊದಲ್ನೇ ದಿನ ದ್ವೀಪ ಕಾಣೂದಿಲ್ರಿ, ಇದನ್ನ ಮೊದ್ಲ ತಲ್ಯಾಗ ಇಟ್ಕೋರಿ. ಹಡಗ ಬಿಡೂದು ಕೊಚ್ಚಿಯಿಂದ, ದ್ವೀಪ ಮುಟ್ಲಿಕ್ಕೆ 14ರಿಂದ 18 ತಾಸು, ಹಿಂಗಾಗಿ ಆ ದಿನ ಪರ್ಮಿಟ್ ಚೆಕ್ಕಿಂಗು, ಬ್ಯಾಗ್ ಸ್ಕ್ಯಾನಿಂಗು, ಕ್ಯಾಬಿನ್ ಹುಡುಕೂದು ಇದ್ರಾಗ ಹೋಗ್ತದ. ಎಂಟ್ರಿ ಪರ್ಮಿಟ್, ಒರಿಜಿನಲ್ ಐಡಿ ಕೈಯಾಗ ಇರ್ಲಿ. ನಮ್ಮ ಕಾಕಾ ಬ್ಯಾಗಿನ ತಳಕ್ಕ ಇಟ್ಟು, ಲೈನ್ಯಾಗ ಎಲ್ಲಾರ ಮುಂದ ಅರಿವಿ ಹರವಿದ್ರು.

ಹಡಗ ಬಿಟ್ಟ ಮ್ಯಾಲೆ ಸ್ವಲ್ಪ ಹೊತ್ತಿಗೆ ಫೋನ್ ಸಿಗ್ನಲ್ ಖಲಾಸ್, ಮನಿಗೆ ಮೊದ್ಲ ಹೇಳಿಬಿಡ್ರಿ.

ಖರೇ ಪರೀಕ್ಷಾ ಅಂದ್ರ ರಾತ್ರಿ. ನಾವು ವಿಜಾಪುರದ ಮಂದಿ, ಆಲಮಟ್ಟಿ ಹಿನ್ನೀರಿನ್ಯಾಗ ಬೋಟ್ ಹತ್ತಿ ಬಂದು ನಮಗೇನ್ ಆಗ್ತದ ಅನ್ಕೊಂಡಿದ್ವಿ, ಸಮುದ್ರ ಹೊಯ್ದಾಡಿಸಿದಾಗ ಸೊಕ್ಕೆಲ್ಲಾ ಇಳೀತು ನೋಡ್ರಿ. ವಾಂತಿ ಗುಳಿಗಿ ಡಾಕ್ಟರ್‌ನ ಕೇಳಿ ಹಡಗ ಹತ್ತೂಕಿಂತ ಮೊದ್ಲ ತಗೋರಿ, ತಲಿ ತಿರುಗಾಕ ಹತ್ತಿದ ಮ್ಯಾಲೆ ತಗೊಂಡ್ರ ಅಷ್ಟ್ ಉಪಯೋಗಿಲ್ಲ. ಮೊಬೈಲ್ ನೋಡ್ಕೋತ ಕುಂದ್ರಬ್ಯಾಡ್ರಿ, ಡೆಕ್ ಮ್ಯಾಲೆ ಹೋಗಿ ದೂರ ನೀರು-ಆಕಾಶ ಕೂಡೂ ಗೆರಿ ನೋಡ್ರಿ, ಹಡಗಿನ ನಟ್ಟನಡುವ ಅಲುಗಾಟ ಕಡಿಮಿ. ಊಟ ಹಗುರ ಇರ್ಲಿ. ನನಗಂತೂ ಕಟಕ ರೊಟ್ಟಿನ ಕೈ ಹಿಡೀತು, ಶೇಂಗಾ ಚಟ್ನಿ ಡಬ್ಬಿ ಮಾತ್ರ ಆ ರಾತ್ರಿ ತೆಗೀಲಿಲ್ಲ.

ದಾರೂ ಬಾಟ್ಲಿ ಒಯ್ಯಬ್ಯಾಡ್ರಿ, ಅಲ್ಲೆ ನಿಷೇಧ ಅದ.

ಮುಂಜಾನೆ ಹಡಗ ಭಾಳ ಕಡೆ ದಂಡಿ ತನಕ ಹೋಗೂದಿಲ್ಲ, ಲಗೂನ್ ಅಂದ್ರ ದ್ವೀಪಕ್ಕೂ ಹವಳದ ದಿಬ್ಬಕ್ಕೂ ನಡುವಿನ ನೀರು ಆಳ ಇರಂಗಿಲ್ಲಲ್ಲ, ದೂರನ ನಿಂದಿರ್ತದ. ಅಲ್ಲಿಂದ ಸಣ್ಣ ಬೋಟಿಗೆ ಇಳೀಬೇಕು, ಬೋಟ್ ಮ್ಯಾಲೆ ಕೆಳಗ ಜಿಗೀತಿರ್ತದ, ಎರಡೂ ಕೈ ಖಾಲಿ ಇಟ್ಕೊಂಡು ಬೋಟಿನವ್ರು ಹೇಳಿದಾಗಷ್ಟ ಕಾಲಿಡ್ರಿ.